ನಿಮಗಿದು ಗೊತ್ತೇ? ಎದೆ ಸೀಳುವ ಡಾಕ್ಟರೂ ರೇಷ್ಮೆ ಎಳೆಯೂ

ಮನುಷ್ಯನ ಹೃದಯಕ್ಕೆ ಹಾಕಿದ ಮೊದಲ ಯಶಸ್ವಿ ಹೊಲಿಗೆ ರೇಷ್ಮೆ ದಾರದ್ದು! 1896ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ, ಚೂರಿ ಇರಿತಕ್ಕೆ ತೂತಾದ ಹೃದಯವನ್ನು ಲುಡ್ವಿಗ್ ರೇನ್ ಮೂರೇ ಹೊಲಿಗೆಯಲ್ಲಿ ಮುಚ್ಚಿದರು. ರೋಗಿ ಬದುಕಿದ. ಮೊಳಕಾಲ್ಮೂರಿನ ರೇಷ್ಮೆ ನೇಕಾರರು ಮೀಸೆ ತಿರುವಬಹುದು.

ರಕ್ತನಾಳ ಜೋಡಿಸುವ ವಿದ್ಯೆ ಹುಟ್ಟಿದ್ದೂ ರೇಷ್ಮೆಯ ಊರಿನಲ್ಲೇ. 1894ರಲ್ಲಿ ಫ್ರಾನ್ಸಿನ ಲಿಯೋಂನಲ್ಲಿ ಅಧ್ಯಕ್ಷ ಸಾದಿ ಕಾರ್ನೋ ಇರಿತಕ್ಕೆ ಬಲಿಯಾದರು. ತುಂಡಾದ ದೊಡ್ಡ ನಾಳವನ್ನು ಹೊಲಿಯುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಅದೇ ಊರಿನ ಯುವ ವೈದ್ಯ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ಕೊರೆಯಿತು. ಕಸೂತಿ ಹಾಕುವ ಹೆಂಗಸೊಬ್ಬಳ ಬಳಿ ಕೂತು ಸಣ್ಣ ಸೂಜಿಯ ಕೆಲಸ ಕಲಿತರು. 1912ರಲ್ಲಿ ನೊಬೆಲ್ ಬಂತು. ಗುರುವಿಗೂ ಅರ್ಧ ಪಾಲು ಸಲ್ಲಬೇಕಿತ್ತು ಅನ್ನಿ! ಇಂದಿನ ಬೈಪಾಸ್‌ಗೂ ಮೂಲ ಆ ಕೈಚಳಕವೇ. ದಾರ ಮಾತ್ರ ಪಾಲಿಪ್ರೊಪಿಲಿನ್‌ನದು. ಸೀಳಿದ ಎದೆಮೂಳೆಯನ್ನು ಬಿಗಿಯುವುದು ಸ್ಟೀಲ್ ತಂತಿ. ಸಾಮಾನ್ಯವಾಗಿ ಅದು ಕೊನೆತನಕ ಒಳಗೇ ಇರುತ್ತದೆ.

ಚಳ್ಳಕೆರೆಯಲ್ಲಿ ಪಿಯುಸಿ ಮುಗಿಸಿದ ಹುಡುಗಿ ಹೃದಯ ಸರ್ಜನ್ ಆಗಲು ಎಷ್ಟು ವರ್ಷ? ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ, ಜನರಲ್ ಸರ್ಜರಿ ಎಂ.ಎಸ್. ಮೂರು, ಎಂ.ಸಿಎಚ್. ಮತ್ತೆ ಮೂರು. ಒಂದು ಸಲವೂ ಫೇಲಾಗದಿದ್ದರೆ ಹನ್ನೊಂದೂವರೆ! ನಡುವೆ ಮೂರು ಬಗೆಯ ನೀಟ್ ಪರೀಕ್ಷೆ ಬೇರೆ.

ಹೃದಯ-ಶ್ವಾಸಕೋಶ ಯಂತ್ರ ಬಳಸಿ ಜಾನ್ ಗಿಬ್ಬನ್ ಹೃದಯದ ಆಪರೇಷನ್‌ನಲ್ಲಿ ಮೊದಲ ಬಾರಿಗೆ ಗೆದ್ದದ್ದು 1953ರ ಮೇ 6ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಎರಡೇ ದಿನ ಕಳೆದು, ಮೇ 8ರಂದು, ಕಿನ್ನಿಗೋಳಿಯ ಹೃದಯ ಸರ್ಜನ್ ದೇವಿ ಶೆಟ್ಟಿ ಹುಟ್ಟಿದರು. ಮಂಗಳೂರಿನಲ್ಲಿ ಓದಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಪಳಗಿ, ಕೋಲ್ಕತ್ತದಲ್ಲಿ ಕೆಲಸ ಮಾಡಿ ಬೆಂಗಳೂರಿಗೆ ಬಂದವರು. 2012ರಲ್ಲಿ ಪದ್ಮಭೂಷಣ.

ಎದೆಯ ಸರ್ಜರಿ ಬೆಳೆದದ್ದು ಬಹುಮಟ್ಟಿಗೆ ಕ್ಷಯದಿಂದ. ಔಷಧ ಇಲ್ಲದ ಕಾಲದಲ್ಲಿ ಪಕ್ಕೆಲುಬು ತೆಗೆದು ಶ್ವಾಸಕೋಶವನ್ನು ಕುಗ್ಗಿಸಿ ಅದಕ್ಕೆ ವಿಶ್ರಾಂತಿ ಕೊಡುತ್ತಿದ್ದರು!

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಇಟ್ಟಿರುವುದು ನಮ್ಮ ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮೀಜಿಗಳ ಹೆಸರು.

ಸ್ಟೆಂಟ್ ಹಾಕುವವರು ಸರ್ಜನ್ ಅಲ್ಲ, ಕಾರ್ಡಿಯಾಲಜಿಸ್ಟ್. ಅವರ ಪದವಿ ಡಿ.ಎಂ. ಚೀಟಿಯಲ್ಲಿ ‘ಸಿಟಿವಿಎಸ್’ ಎಂದಿದ್ದರೆ ಕಾಣಬೇಕಾದ್ದು ಆಪರೇಷನ್ ಮಾಡುವವರನ್ನು.