ಟೈಮ್ ನುಂಗಿದ ಮೂರು ಪದಗಳು

ಮಗಳು ಇಂಟರ್ ಮೊದಲ ವರ್ಷದಲ್ಲಿದ್ದಾಳೆ. ಎರಡನೇ ಭಾಷೆ ಫ್ರೆಂಚ್. ಹೈದರಾಬಾದಿನಲ್ಲಿ ಇದು ಅಪರೂಪವೇನಲ್ಲ. ಅಂಕ ಚೆನ್ನಾಗಿ ಬರುತ್ತದೆ ಎಂಬ ಲೆಕ್ಕಾಚಾರ. ಕಳೆದ ತಿಂಗಳು ಅವಳ ಉತ್ತರ ಪತ್ರಿಕೆ ನೋಡಿದೆ. ದಿನಕ್ಕೆ ಮೂರು ಸಲ ಮಾತ್ರೆ ನುಂಗಬೇಕು ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಅನುವಾದಿಸುವಾಗ 'ಟೈಮ್' ಇದ್ದಲ್ಲಿ 'ತಾಂ' ಎಂದು ಬರೆದು ಅಂಕ ಕಳೆದುಕೊಂಡಿದ್ದಳು. ಡಿಕ್ಷನರಿಯಲ್ಲಿ ಮೊದಲು ಕಾಣುವುದು ಅದೇ ಎಂದು ಅವಳ ವಾದ.

ಇಂಗ್ಲಿಷಿನ ಒಂದು 'ಟೈಮ್' ಫ್ರೆಂಚಿನಲ್ಲಿ ಮೂರಾಗಿ ಒಡೆಯುತ್ತದೆ. ಬಿಡುವು, ಕಾಲ ಎನ್ನುವಾಗ 'ತಾಂ'. ಎಷ್ಟು ಬಾರಿ ಎನ್ನುವಾಗ 'ಫ್ವಾ'. ಗಡಿಯಾರ ನೋಡಿ ಹೇಳುವಾಗ 'ಅರ್'.

"ಕಷ್ಟ ಏನಿದೆ ಇದರಲ್ಲಿ? ಹೊತ್ತು, ಸಲ, ಗಂಟೆ," ಅಂದೆ.

"ಅಪ್ಪಾ, ನಾವು ಮೂರಕ್ಕೂ ಟೈಮ್ ಅಂತಲೇ ಅಂತೀವಲ್ಲ?"

ನನಗೆ ಮಾತೇ ಹೊರಡಲಿಲ್ಲ. ಟೈಮೆಷ್ಟು, ಟೈಮಿಲ್ಲ, ಎಷ್ಟು ಟೈಮ್ ಹೇಳಬೇಕು ನಿಂಗೆ! ಮೂರೂ ನನ್ನ ಬಾಯಿಂದಲೇ ಅವಳು ಕಲಿತದ್ದು. ನೆರೆಮನೆಯ ತೆಲುಗನ್ನೋ ರಸ್ತೆಯ ದಖನಿಯನ್ನೋ ದೂರುವ ಹಾಗಿರಲಿಲ್ಲ.

ಆಮೇಲೆ ನಮಗಿಬ್ಬರಿಗೂ ಇದೇ ಆಟವಾಯಿತು. 'ಪ್ಲೇ' ಎಂಬುದಕ್ಕೆ ಫ್ರೆಂಚಿನಲ್ಲೂ ಒಂದೇ ಕ್ರಿಯಾಪದ, 'ಝುವೇ'. ಫುಟ್‌ಬಾಲಿಗೂ ಅದೇ, ಕೊಳಲಿಗೂ ಅದೇ. ಮುಂದೆ ಬರುವ ಪುಟ್ಟ ಪದವಷ್ಟೇ ಬೇರೆ. ನಮ್ಮಲ್ಲಿ ಚೆಂಡು ಆಡುತ್ತೇವೆ, ವೀಣೆ ನುಡಿಸುತ್ತೇವೆ, ಮೃದಂಗ ಬಾರಿಸುತ್ತೇವೆ, ಕೊಳಲು ಊದುತ್ತೇವೆ. ಎಲ್ಲ ಸಲವೂ ಕನ್ನಡ ಗೆಲ್ಲುತ್ತದೆ ಎಂದಲ್ಲ. ವಿಷಯ ತಿಳಿದಿರುವುದಕ್ಕೆ 'ಸವ್ವಾರ್', ವ್ಯಕ್ತಿಯ ಪರಿಚಯವಿರುವುದಕ್ಕೆ 'ಕೊನೆತ್ರ್' ಎಂದು ಫ್ರೆಂಚರು ಗೆರೆ ಎಳೆದರೆ, ನಾವು ಎರಡಕ್ಕೂ 'ಗೊತ್ತು' ಎಂದು ಮುಗಿಸಿಬಿಡುತ್ತೇವೆ.

ಒಂದು ಸಂಜೆ ಮೂಸಾರಾಂಬಾಗ್ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ನಿಜಾಮರ ಸೈನ್ಯದಲ್ಲಿದ್ದು 1798ರಲ್ಲಿ ತೀರಿಕೊಂಡ ಫ್ರೆಂಚ್ ಸೇನಾನಿ ಮಸ್ಯೋ ರೇಮೋನ ಹೆಸರೇ ಊರವರ ಬಾಯಲ್ಲಿ ಹೀಗೆ 'ಮೂಸಾರಾಂ' ಆದದ್ದು. ಕೆಳಗೆ ಮೂಸಿ ನದಿ, ಮೂಗು ಮುಚ್ಚಿಕೊಳ್ಳುವ ವಾಸನೆ.

"ಇದು ಫ್ಲವ್ ಅಲ್ಲ, ರಿವ್ಯೇರ್," ಅಂದಳು ಮಗಳು. ಸಮುದ್ರ ಸೇರಿದರೆ ಫ್ಲವ್, ಇನ್ನೊಂದು ನದಿಗೆ ಸೇರಿದರೆ ರಿವ್ಯೇರ್. ಮೂಸಿ ಕೃಷ್ಣೆಗೆ ಸೇರುತ್ತದೆ. ಹಾಗಿದ್ದರೆ 500 ಕಿಲೋಮೀಟರಿಗೂ ಹೆಚ್ಚು ಹರಿದು ಕೃಷ್ಣೆಯನ್ನೇ ಸೇರುವ ನಮ್ಮ ತುಂಗಭದ್ರೆ ಬರೀ ರಿವ್ಯೇರ್. ಅದರ ಕಾಲು ಭಾಗದಷ್ಟೇ ಉದ್ದದ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವುದರಿಂದ ಫ್ಲವ್. ಶಿವಮೊಗ್ಗದವನಾದ ನನಗೆ ಈ ನ್ಯಾಯ ಅಷ್ಟಾಗಿ ರುಚಿಸಲಿಲ್ಲ. ನಮ್ಮಮ್ಮನಿಗಂತೂ ಎರಡೂ 'ಹೊಳೆ'.

ಅಮ್ಮನಿಗೆ ಮೊನ್ನೆ ಫೋನ್ ಹಚ್ಚಿದಳು ಮಗಳು. "ಅಜ್ಜೀ, ಮೂರು ಸಲ ಮಾಡಿದೆ. ಮಾತಾಡೋಕೆ ನಿಂಗೆ ಹೊತ್ತೇ ಇಲ್ವಾ?" ಎಂದು ಬೇಕೆಂದೇ ಒತ್ತಿ ಒತ್ತಿ ಹೇಳಿ ನನ್ನ ಕಡೆ ಕಣ್ಣು ಹೊಡೆದಳು.

ಆ ಕಡೆಯಿಂದ ಅಮ್ಮನ ದನಿ: "ಅಯ್ಯೋ ಪುಟ್ಟಿ, ಸೀರಿಯಲ್ ಟೈಮ್ ಕಣೇ."