ಕರೆಂಟು ಹೋದರೂ ಲಾಗಿನ್ ಹೋಗುವುದಿಲ್ಲ

ಕಳಸದ ಓದುಗರೊಬ್ಬರು ಕೇಳಿದ್ದಾರೆ: ‘ಮೂಡಿಗೆರೆಯ ಕಂಪ್ಯೂಟರ್ ಸೆಂಟರಿನಲ್ಲಿ ಪಹಣಿ ತೆಗೆಯಲು ನನ್ನ ಖಾತೆಗೆ ಲಾಗಿನ್ ಆಗಿದ್ದೆ. ಗಾಳಿಮಳೆಗೆ ಕರೆಂಟು ಹೋಯಿತು, ಎದ್ದು ಬಂದೆ. ಕಂಪ್ಯೂಟರೇ ಆರಿದ ಮೇಲೆ ಭಯವಿಲ್ಲ ತಾನೇ?’

ಭಯವಿದೆ! ಮುಂಗಾರಿನಲ್ಲಿ ಮರ ಬಿದ್ದು ತಂತಿ ಹರಿಯುವ ನಮ್ಮ ಕಾಫಿ ಸೀಮೆಯಲ್ಲಿ ಈ ನಂಬಿಕೆ ಬೇರುಬಿಟ್ಟಿದೆ. ಕಿಟಕಿ ಮುಚ್ಚಿದರೆ ಸಾಕು ಎನ್ನುವವರೂ ಇದ್ದಾರೆ. ಎರಡೂ ತಪ್ಪು.

ವೆಬ್ಬಿಗೆ ಹುಟ್ಟಿನಿಂದಲೇ ಮರೆವು. ಕೇಳಿದ ಪುಟವನ್ನು ಕೊಟ್ಟ ಕೂಡಲೇ ಸರ್ವರ್‌ಗೆ ನೀವು ಅಪರಿಚಿತರು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ‘ಕುಕಿ’ಯನ್ನು ರೂಪಿಸಿದ್ದು ಈ ಮರೆವಿನ ಮದ್ದಾಗಿ. ಪಾಸ್‌ವರ್ಡ್ ಸರಿಯಿದ್ದರೆ ಸರ್ವರ್ ಊಹೆಗೆ ಸಿಗದ ಒಂದು ಸಂಖ್ಯೆಯನ್ನು ಹುಟ್ಟಿಸಿ, ತಾನೂ ಬರೆದಿಟ್ಟುಕೊಂಡು, ನಿಮ್ಮ ಬ್ರೌಸರಿಗೂ ಕುಕಿಯಾಗಿ ಕೊಡುತ್ತದೆ. ಮುಂದೆ ಪ್ರತಿ ಕ್ಲಿಕ್ಕಿಗೂ ಬ್ರೌಸರ್ ಅದನ್ನೇ ತೋರಿಸುತ್ತದೆ. ಇದೇ ಸೆಷನ್.

ಆ ಸಂಖ್ಯೆಯ ಗಾತ್ರ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. ಅದು 128 ಬಿಟ್‌ನದಾದರೆ ಸಾಧ್ಯತೆಗಳ ಎಣಿಕೆಯೇ 39 ಅಂಕಿಗಳದು. ವಿಶ್ವ ಹುಟ್ಟಿ ಸುಮಾರು 1380 ಕೋಟಿ ವರ್ಷ. ಅಂದಿನಿಂದ ಸೆಕೆಂಡಿಗೆ ನೂರು ಕೋಟಿಯಂತೆ ಊಹಿಸುತ್ತ ಬಂದಿದ್ದರೂ ಸಾವಿರ ಕೋಟಿಯಲ್ಲಿ ಒಂದು ಪಾಲೂ ಮುಗಿಯುತ್ತಿರಲಿಲ್ಲ. ಊಹಿಸಲಾಗದು, ಆದರೆ ಕದಿಯಬಹುದು! ಸಂಖ್ಯೆ ಯಾರ ಕೈಲಿದೆಯೋ ಸರ್ವರ್ ಪಾಲಿಗೆ ಅವರೇ ನೀವು. ಪಾಸ್‌ವರ್ಡ್ ಕೇಳುವುದೇ ಇಲ್ಲ. 2010ರಲ್ಲಿ ಎರಿಕ್ ಬಟ್ಲರ್ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶದಿಂದ ಇದನ್ನು ಜಗತ್ತಿಗೇ ತೋರಿಸಿಕೊಟ್ಟರು: ಬೀಗವಿಲ್ಲದ ವೈಫೈನಲ್ಲಿ ಪಕ್ಕದವರ ಕುಕಿ ಹಿಡಿದು ಅವರ ಖಾತೆಯೊಳಗೆ ನಡೆದುಬಿಡಬಹುದಿತ್ತು. ಹೋಂಸ್ಟೇ ವೈಫೈ ಬಳಸುವವರು ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಇದೆಯೇ ನೋಡಿ. ಅದಿದ್ದರೆ ದಾರಿಯಲ್ಲಿ ಕುಕಿ ಯಾರ ಕಣ್ಣಿಗೂ ಬೀಳದು.

ಈಗ ಕರೆಂಟಿನ ವಿಷಯ. ಮೂಡಿಗೆರೆಯಲ್ಲಿ ಕತ್ತಲಾದರೂ ದೂರದ ಸರ್ವರ್‌ನಲ್ಲಿ ನಿಮ್ಮ ಸಂಖ್ಯೆ ಜೀವಂತ. ಕರೆಂಟು ಬಂದಾಗ ಬ್ರೌಸರ್ ‘ಹಳೆಯ ಪುಟಗಳನ್ನು ತೆರೆಯಲೇ?’ ಎನ್ನುತ್ತದೆ. ಮುಂದೆ ಕೂತವರು ಒತ್ತಿದರೆ ಪುಟದ ಜೊತೆ ಕುಕಿಯೂ ಎದ್ದು ಬರಬಹುದು. ಸುಮ್ಮನಿದ್ದವರನ್ನು ಕೆಲವು ನಿಮಿಷಗಳಲ್ಲಿ ಹೊರಹಾಕುವ ಜಾಲತಾಣಗಳಿವೆ. ‘ಸೆಷನ್ ಮುಗಿದಿದೆ’ ಎಂದಾಗ ನಾವು ಶಪಿಸುತ್ತೇವಲ್ಲ, ಅದು ಈ ಕಾವಲೇ. ಆದರೆ ಎಲ್ಲ ತಾಣಗಳೂ ಅಷ್ಟು ಬೇಗ ಹೊರಹಾಕುವುದಿಲ್ಲ.

ಸರಿಯಾಗಿ ಕಟ್ಟಿದ ತಾಣದಲ್ಲಿ ಲಾಗ್‌ಔಟ್ ಒತ್ತಿದರೆ ಸರ್ವರ್ ತನ್ನ ಪ್ರತಿಯನ್ನೇ ಅಳಿಸುತ್ತದೆ. ಆಮೇಲೆ ಕದ್ದ ಸಂಖ್ಯೆಗೂ ಬೆಲೆಯಿಲ್ಲ. ಕಳಸದ ಓದುಗರೇ, ಈಗಲೇ ನಿಮ್ಮ ಮೊಬೈಲಿನಿಂದ ಆ ಖಾತೆ ತೆರೆಯಿರಿ. ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಇದ್ದರೆ ಒತ್ತಿ, ಇಲ್ಲವಾದರೆ ಪಾಸ್‌ವರ್ಡ್ ಬದಲಿಸಿ. ಹಲವು ತಾಣಗಳು ಆಗ ಹಳೆಯ ಸೆಷನ್‌ಗಳನ್ನು ರದ್ದು ಮಾಡುತ್ತವೆ.