ತುರ್ತು ಖರೀದಿಯಲ್ಲಿ ಭ್ರಷ್ಟಾಚಾರ ತಡೆ

ತುರ್ತು ಖರೀದಿ ಎಂದರೆ ಪ್ರವಾಹ, ಭೂಕಂಪ, ಸಾಂಕ್ರಾಮಿಕ ರೋಗ ಮೊದಲಾದ ವಿಪತ್ತುಗಳ ಕಾಲದಲ್ಲಿ ಸರ್ಕಾರವು ಟೆಂಡರಿನ ಸಾಮಾನ್ಯ ಕ್ರಮವನ್ನು ಬದಿಗಿರಿಸಿ ಸರಕು ಅಥವಾ ಸೇವೆಗಳನ್ನು ನೇರವಾಗಿ ಕೊಳ್ಳುವುದು. ಜೀವ ಉಳಿಸಬೇಕಾದ ಸಮಯದಲ್ಲಿ ಈ ಸಡಿಲಿಕೆ ಅನಿವಾರ್ಯ. ಆದರೆ ಬೆಲೆಯ ಪೈಪೋಟಿ, ಪೂರೈಕೆದಾರನ ಪೂರ್ವಾಪರ ವಿಚಾರಣೆ, ಸರಕಿನ ಗುಣಪರೀಕ್ಷೆ ಇವೆಲ್ಲ ಒಟ್ಟಿಗೆ ಸಡಿಲಗೊಳ್ಳುವುದರಿಂದ ವಂಚನೆಗೂ ಅವಕಾಶ ದೊರೆಯುತ್ತದೆ. ಪೈಪೋಟಿಯನ್ನು ಕೈಬಿಟ್ಟರೂ ದಾಖಲೆಯನ್ನು ಕೈಬಿಡಬಾರದು ಎಂಬುದು ಇದನ್ನು ತಡೆಯುವ ಕ್ರಮಗಳ ತಿರುಳು.

ಕಾನೂನಿನ ವಿನಾಯಿತಿ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 4(ಎ) ಪ್ರಕರಣವು ಸರ್ಕಾರ ಘೋಷಿಸಿದ ನೈಸರ್ಗಿಕ ವಿಪತ್ತು ಅಥವಾ ತುರ್ತು ಸಂದರ್ಭದಲ್ಲಿ ಟೆಂಡರಿನಿಂದ ವಿನಾಯಿತಿ ನೀಡುತ್ತದೆ. ಪತ್ರಿಕೆಗಳಲ್ಲಿ ಆಗಾಗ ಕೇಳಿಬರುವ '4ಜಿ ವಿನಾಯಿತಿ' ಬೇರೆಯದು; ಅದು ಸರ್ಕಾರ ಅಧಿಸೂಚನೆಯ ಮೂಲಕ ನಿರ್ದಿಷ್ಟ ಖರೀದಿಗೆ ಕೊಡುವ ವಿನಾಯಿತಿ. ವಿದ್ಯಾರ್ಥಿಗಳು ಇವೆರಡನ್ನೂ ಒಂದೇ ಎಂದು ಭಾವಿಸಬಾರದು. ಕೋವಿಡ್ ಕಾಲದ ಖರೀದಿಗಳ ಬಗ್ಗೆ ಆರೋಪಗಳು ಕೇಳಿಬಂದಾಗ ರಾಜ್ಯ ಸರ್ಕಾರವು 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಅವರ ವಿಚಾರಣಾ ಆಯೋಗವನ್ನು ನೇಮಿಸಿತು. ಅಷ್ಟರಲ್ಲಿ ಸೋಂಕಿನ ಮೊದಲ ಅಲೆ ಶುರುವಾಗಿ ಮೂರು ವರ್ಷಗಳು ಕಳೆದಿದ್ದವು.

ಪ್ರಕಟಣೆಯ ಕರ್ತವ್ಯ

ಇದಕ್ಕೆ ಬ್ರಿಟನ್ನಿನ ಅನುಭವ ಉತ್ತಮ ನಿದರ್ಶನ. 2020ರಲ್ಲಿ ಅಲ್ಲಿನ ಸರ್ಕಾರ ಮುಖಗವಸು, ರಕ್ಷಾಕವಚಗಳ ಖರೀದಿಗಾಗಿ, ಸಚಿವರು, ಸಂಸದರು ಹಾಗೂ ಅಧಿಕಾರಿಗಳು ಶಿಫಾರಸು ಮಾಡಿದವರಿಗೆ 'ಆದ್ಯತಾ ಪಥ'ವೊಂದನ್ನು ತೆರೆಯಿತು. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿಯ ಪ್ರಕಾರ, ಈ ಪಥದಲ್ಲಿ ಬಂದ 493 ಪೂರೈಕೆದಾರರಲ್ಲಿ 47 ಮಂದಿಗೆ ಗುತ್ತಿಗೆ ದೊರೆಯಿತು. ಸಾಮಾನ್ಯ ಪಥದಲ್ಲಿ ಬಂದವರಲ್ಲಿ ಗುತ್ತಿಗೆ ಪಡೆದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಗುತ್ತಿಗೆಯ ವಿವರಗಳನ್ನು 30 ದಿನಗಳೊಳಗೆ ಪ್ರಕಟಿಸದೆ ಇದ್ದದ್ದು ಕಾನೂನುಬಾಹಿರವೆಂದು ಉಚ್ಚ ನ್ಯಾಯಾಲಯ 2021ರ ಫೆಬ್ರುವರಿಯಲ್ಲಿಯೂ, ಆದ್ಯತಾ ಪಥದ ಬಳಕೆಯೇ ಕಾನೂನುಬಾಹಿರವೆಂದು 2022ರ ಜನವರಿಯಲ್ಲಿಯೂ ತೀರ್ಪಿತ್ತಿತು. ಟೆಂಡರಿಲ್ಲದೆ ಕೊಂಡದ್ದಕ್ಕಿಂತ, ಯಾರಿಂದ, ಎಷ್ಟಕ್ಕೆ, ಯಾರ ಮಾತಿನ ಮೇಲೆ ಕೊಂಡರೆಂಬುದನ್ನು ಜನರು ತಡವಾಗಿ ತಿಳಿಯಬೇಕಾದದ್ದೇ ಇಲ್ಲಿ ಹೆಚ್ಚು ಗಂಭೀರ.

ಏಕಕಾಲಿಕ ಲೆಕ್ಕಪರಿಶೋಧನೆ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ವರ್ಷ ಕಳೆದ ಬಳಿಕ ನಡೆಯುವ ಪರಿಶೋಧನೆಯಿಂದ ಹೋದ ಹಣ ಮರಳುವುದು ಅಪರೂಪ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಬೇರೆ ಮಾರ್ಗ ತೋರಿತು. ಎಬೋಲಾ ಇನ್ನೂ ಹರಡುತ್ತಿದ್ದಾಗಲೇ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ 2014ರ ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ವೆಚ್ಚವನ್ನು ಪರಿಶೀಲಿಸಿ, 2015ರ ಫೆಬ್ರುವರಿಯಲ್ಲಿ ವರದಿ ಪ್ರಕಟಿಸಿತು. ದೊಡ್ಡ ಮೊತ್ತಗಳಿಗೆ ರಸೀದಿ, ವೋಚರುಗಳಿಲ್ಲವೆಂಬುದು ರೋಗ ಹತೋಟಿಗೆ ಬರುವ ಮೊದಲೇ ಬಯಲಾಯಿತು. ಕೋವಿಡ್ ಕಾಲದಲ್ಲೂ ಆ ಸಂಸ್ಥೆ ಇದೇ ಕ್ರಮವನ್ನು ಅನುಸರಿಸಿತು.

ಇದರೊಂದಿಗೆ ವಿನಾಯಿತಿಗೆ ಕೊನೆಯ ದಿನಾಂಕ ನಿಗದಿಪಡಿಸುವುದು, ಖರೀದಿಸುವವರೂ ದಾಸ್ತಾನು ಪಡೆಯುವವರೂ ಒಬ್ಬರೇ ಆಗದಂತೆ ನೋಡಿಕೊಳ್ಳುವುದು, ಪರಿಹಾರ ಪಡೆದವರ ಪಟ್ಟಿಯನ್ನು ಊರವರು ಓದುವಂತೆ ಹಚ್ಚುವುದು ಮುಂತಾದ ಸರಳ ಕ್ರಮಗಳೂ ಇವೆ. ಇವಕ್ಕೆಲ್ಲ ಪರಿಶೋಧಕರ ಸ್ವಾತಂತ್ರ್ಯವೇ ಆಧಾರ. ಸಿಯೆರಾ ಲಿಯೋನ್‌ನ ಮಹಾಲೆಕ್ಕಪರಿಶೋಧಕಿ ಲಾರಾ ಟೇಲರ್-ಪಿಯರ್ಸ್ ಅವರನ್ನು 2021ರ ನವೆಂಬರಿನಲ್ಲಿ, ವಾರ್ಷಿಕ ವರದಿ ಸಲ್ಲಿಸುವ ಕೆಲವೇ ವಾರಗಳ ಮುನ್ನ, ಹುದ್ದೆಯಿಂದ ಅಮಾನತುಗೊಳಿಸಲಾಯಿತು.